ಹಗೂರ ಇಸ್ತ್ರಿ, ಹಸದ ಕೌದಿ

ಇಲಕಲ್ಲಿನಾಗ ಕೌದಿ ಹೊಲಿಯೋರು ಮನಿಗೊಬ್ಬರು ಸಿಗ್ತಾರ. ಆದರ ಹೊಲಿದ ಕೌದಿಗೆ ಇಸ್ತ್ರಿ ಹಾಕಿ, ಕಾಗದದಂಗ ಸಪಾಟ ಮಾಡಿ, ಬೀಗರ ಮುಂದ ಹಾಸಿದ ಹೆಂಗಸು ಈ ಊರಾಗ ಇನ್ನೂ ಹುಟ್ಟಿಲ್ಲ. ಆಕಿ ನಾನ ಆಗಬೇಕು ಅಂತ ಪಣ ತೊಟ್ಟೆ!

ಕಾರಣ ಇತ್ತು. ನನ್ನ ಮಗಳು ಶೀಲಾ ಗಂಡು ಹಡದು ನಮ್ಮ ಮನ್ಯಾಗ ಬಾಣಂತನಕ್ಕಿದ್ಲು. ಕೂಸಿಗೆ ಹೆಸರಿಡೂ ದಿನ ತೊಟ್ಟಿಲಕ್ಕ ಮೊದಲನೇ ಕೌದಿ ಹಾಸೋ ಮಾನ ತಾಯಿಯ ತಾಯಿಗೆ. ಅದನ್ನ ನೋಡಾಕ ಬಾದಾಮಿಯಿಂದ ಬರಾಕಿ ಶೀಲಾನ ಅತ್ತಿ, ನಮ್ಮ ಬೀಗತಿ ಅಂಬವ್ವ. ಆಕಿ ಕಣ್ಣು ಅಂದ್ರ ಕಣ್ಣು! ಶೀಲಾನ ಮದುವ್ಯಾಗ ನಾ ಹೊಲದು ಕೊಟ್ಟ ಕೌದಿ ಬಿಚ್ಚಿ ನೋಡಿ, "ಚಂದ ಐತ್ರಿ ಬೀಗರ, ಬರೇ ಸುಕ್ಕು" ಅಂದಿದ್ಲು. ಆ "ಬರೇ ಸುಕ್ಕು" ನನ್ನ ಎದ್ಯಾಗ ಮುಳ್ಳಾಗಿ ಕುಂತಿತ್ತು. ಈ ಸಲ ಆಕಿ ಬಾಯಿಗೆ ಕೆಲಸ ಸಿಗಬಾರದು. ಇಷ್ಟ ನನ್ನ ಗುರಿ.

ಮನ್ಯಾಗ ಇದ್ದದ್ದು ಹಿತ್ತಾಳಿ ಇದ್ದಲಿ ಇಸ್ತ್ರಿ. ಯಜಮಾನರು ಇದ್ದಾಗ ಅವರ ಧೋತರದ ಮ್ಯಾಲೆ ಅದನ್ನ ಎಳೀತಿದ್ದೆ. ಈಗ ಎತ್ತಿದ್ರ ಭುಜ ಒಂದು ಕಡೆ, ನಾ ಒಂದು ಕಡೆ! ಕೌದಿಯ ಸಣ್ಣ ಸಣ್ಣ ಚೂರು ಕೂಡಿಸಿದ ಹೊಲಿಗಿ ಮ್ಯಾಲೆ ಅದನ್ನ ಆಡಿಸೋದಂದ್ರ ರಂಗೋಲಿ ಹಾಕಾಕ ಟ್ರ್ಯಾಕ್ಟರ್ ತಂದಂಗ. ಸೊಸಿ ಮಹಾನಂದಾಂದು ಕರೆಂಟಿನ ಇಸ್ತ್ರಿ ಐತಿ. ಆದರ ಅದು ಕಾಯೂದರಾಗ ನಾ ಕುಡಿಯೋ ಚಹಾ ಆರ್ತದ.

ಸೊಸೀನ ಕರಕೊಂಡು ಬಜಾರಕ್ಕ ಹೋದೆ. ಅಂಗಡಿ ರಾಜಮಹ್ಮದನ್ನ ಸಣ್ಣವನಿದ್ದಾಗಿಂದ ಬಲ್ಲೆ.

"ತಮ್ಮಾ, ಎತ್ತಿದರ ಹಗೂರ ಇರಬೇಕು, ಕಾದರ ಕೆಂಡ ಇರಬೇಕು. ಅಂಥಾ ಇಸ್ತ್ರಿ ತಗಿ."

"ಅವ್ವಾರ, ಹಗೂರಿದ್ದದ್ದು ಅಷ್ಟು ಕಾಯಂಗಿಲ್ರಿ. ಕಾಯೋದು ಹಗೂರ ಇರಂಗಿಲ್ರಿ. ಎರಡೂ ಗುಣ ಒಂದರಾಗ ಎಲ್ಲಿ ಸಿಗ್ತಾವ್ರಿ?"

"ಯಾಕ ಸಿಗಂಗಿಲ್ಲ? ನನ್ನ ಸೊಸೀನ್ನ ನೋಡು. ಗಾಳಿ ಬಂದ್ರ ಹಾರ್ತಾಳ, ಮಾತಾಡಿಸಿದ್ರ ಸುಡ್ತಾಳ!"

ಮಹಾನಂದಾ ಚೀಲ ಈ ಕೈಯಿಂದ ಆ ಕೈಗೆ ಬದಲಿಸಿದ್ಲು.

"ಹಂಗಿದ್ರ ರೊಕ್ಕ ಯಾಕ ಹಾಳ ಮಾಡ್ತೀರಿ ಅತ್ತಿ? ನನ್ನನ್ನ ಕೌದಿ ಮ್ಯಾಲೆ ಉಳ್ಳಾಡಿಸ್ರಿ."

ರಾಜಮಹ್ಮದ ನಗು ತಡಕೊಳ್ಳಾಕ ಕೆಳಗ ಬಗ್ಗಿ ಡಬ್ಬಿ ಹುಡುಕಿದಂಗ ಮಾಡಿದ.

ನಾ ಇಸ್ತ್ರಿ ಆರಿಸಿದ್ದು ವರ ಆರಿಸಿದಂಗ! ಸುಕ್ಕಾದ ನೂಲಿನ ಅರಿವಿ ಚೂರು ಮನಿಯಿಂದ ಒಯ್ದಿದ್ದೆ. ಒಂದೊಂದು ಇಸ್ತ್ರೀನ ಕರೆಂಟಿನ ಪಿನ್ನಿಗೆ ಚುಚ್ಚಿಸಿ, ಬುಡಕ್ಕ ನೀರಿನ ಹನಿ ಸಿಡಿಸಿ, "ಚುಂಯ್" ಅಂತೈತೋ ಇಲ್ಲೋ ಕೇಳಿದೆ. ಒಂದು ಭಾರ. ಒಂದು ಉಗಿ ಬಿಡೋದು, ಅದಕ್ಕ ನೆಗಡಿ ಆದಂಗ ಮೂಗಿನಾಗ ನೀರು. ಒಂದು ಬಲು ಹಗೂರ, ಆದರ ಅದರ ಬಿಸಿಗೆ ಹಪ್ಪಳಾನೂ ಒಣಗಂಗಿಲ್ಲ. ಕಡೀಕ ಮ್ಯಾಲಿನ ಹಲಗಿಯಿಂದ ಒಂದು ಇಳಿಸಿದ. ಅಂಗೈ ಅಗಲ ಬುಡ, ಹೊಲಿಗಿ ಸಂದ್ಯಾಗ ಹೊಗೂವಂಥಾ ಚೂಪು ಮೂತಿ. ಎತ್ತಿದೆ, ಗುಬ್ಬಿ! ಹನಿ ಸಿಡಿಸಿದೆ, ಒಗ್ಗರಣಿ! ಸುಕ್ಕು ಒಂದ ಸಲಕ್ಕ ಮಾಯ.

"ಇದ ನನ್ನ ಅಳಿಯ," ಅಂದೆ.

ಹೆಸರಿಡೂ ದಿನ ಮುಂಜಾನೆ ಕೌದಿ ಹಾಸಿ ಇಸ್ತ್ರಿಗೆ ಕುಂತೆ. ಹಳೇ ನೂಲಿನ ಸೀರಿ, ಹಳೇ ಧೋತರ, ಎಲ್ಲಾ ನನ್ನ ಕೈಯಾಗಿನ ಹೊಲಿಗಿ. ಹೊಸಾ ಇಸ್ತ್ರಿ ಹಾಲಿನ ಮ್ಯಾಲೆ ಕೆನಿ ಸರದಂಗ ಸರೀತು. ಮೂರು ಮೂಲಿ ಸಪಾಟ. ನಾಕನೇ ಮೂಲ್ಯಾಗ ಒಂದು ಗುಬುಟು!

ಅದೇನಂದ್ರ ಕೌದಿಯ ತುತ್ತು. ನಮ್ಮ ಕಡೆ ಕೌದಿ ಮುಗಿಯೂ ಮುಂದ ಕಡೀ ಮೂಲ್ಯಾಗ ಒಂದು ತುತ್ತು ಇಟ್ಟು ಹೊಲಿಗಿ ಮುಚ್ಚತೇವಿ. ಕೌದಿ ಹಸದಿರಬಾರದು. ಹಸದ ಕೌದಿ ಹೊಚ್ಚಿಗೊಂಡವರಿಗೆ ನಿದ್ದಿ ಹತ್ತಂಗಿಲ್ಲ. ಎಲ್ಲಾರೂ ಒಣ ರೊಟ್ಟಿ ಚೂರು ಇಡ್ತಾರ. ನನ್ನ ಮೊಮ್ಮಗನ ಕೌದಿಗೆ ರೊಟ್ಟಿ ಚೂರೇ? ಬಾಣಂತಿಗಂತ ಅಮೀನಗಡದಿಂದ ತರಿಸಿದ ಕರದಂಟು ಮನ್ಯಾಗಿತ್ತು. ಅದರಾಗಿಂದ ಒಂದು ತುಣುಕು ಇಟ್ಟು ಹೊಲದಿದ್ದೆ!

ಈಗ ಆ ಗುಬುಟು ಅಂಬವ್ವನ ಕಣ್ಣಿಗೆ ಬಿದ್ರ? ಇಸ್ತ್ರಿ ಅದರ ಮ್ಯಾಲೆ ಹಾಯಿಸಿದೆ. ಜಗ್ಗಲಿಲ್ಲ. ಬಿಸಿ ತಿರುವಣಿ ಕಡೀತನಕ ತಿರುವಿದೆ. ಜಗ್ಗಲಿಲ್ಲ. ಇಸ್ತ್ರಿ ಹಗೂರ ಇದ್ದರೇನಾತು, ನಾ ಹಗೂರಿಲ್ಲಲ್ಲ! ಎರಡೂ ಕೈ ಊರಿ, ಮೈಯೆಲ್ಲಾ ಭಾರ ಹಾಕಿ ಕುಂತೆ. ಗುಬುಟು ಮೆತ್ತಗ ಇಳೀತು.

"ಹಾ! ಸೋತಿ!" ಅಂದು ಇಸ್ತ್ರಿ ಎತ್ತಿದೆ. ಇಸ್ತ್ರಿ ಕೂಡ ಕೌದೀನೂ ಎದ್ದು ಬಂತು!

ಬೆಲ್ಲ, ಅಂಟು ಎಲ್ಲಾ ಕರಗಿ ಅರಿವಿ ದಾಟಿ ಇಸ್ತ್ರಿ ಬುಡಕ್ಕ ಮೆತ್ತಿತ್ತು. ಜಗ್ಗಿದೆ, ಬಿಡಲಿಲ್ಲ. ಕೊಡವಿದೆ, ಬಿಡಲಿಲ್ಲ. ಮನಿ ತುಂಬ ಘಮಘಮ. ಬಾಜೂಮನಿ ದಾನಮ್ಮ ಗ್ವಾಡಿ ಮ್ಯಾಲಿಂದ ಇಣುಕಿ, "ಏನ್ರಿ, ಕಾರ್ಯದ ದಿನ ಮನ್ಯಾಗ ಕರದಂಟು ಮಾಡಾಕತ್ತೀರಿ?" ಅಂತ ಕೇಳಿದ್ಲು. ಕರೀ ಹೊಗಿ ಏಳೂ ಹೊತ್ತಿಗೆ ಮಹಾನಂದಾ ಓಡಿ ಬಂದು ಪಿನ್ ಕಿತ್ತಿದ್ಲು.

"ಅತ್ತಿ, ಕೌದಿಗೆ ತಿನ್ನಿಸ್ರಿ ಅಂದ್ರ ಇಸ್ತ್ರಿಗೆ ತಿನ್ನಿಸೀರಲ್ರಿ!"

"ಮಾತು ಆಮ್ಯಾಲೆ. ಕತ್ತರಿ ಕೊಡು!"

ಸುಟ್ಟ ಮೂಲಿ ಕತ್ತರಿಸಿ ತಗದು, ಕೆಂಪು ಖಣದ ಮುಕ್ಕೋಣಿ ತ್ಯಾಪಿ ಹಚ್ಚಿ ಹೊಲದೆ. ನಾ ಕಡೀ ದಾರ ಕಡಿಯೂದಕ್ಕೂ ಬಾದಾಮಿಯವರ ಗಾಡಿ ಬಾಗಿಲಕ್ಕ ನಿಂದ್ರೂದಕ್ಕೂ ಸರಿ ಆತು.

ಅಂಬವ್ವ ಕೈಕಾಲು ತೊಳಕೊಂಡು ಸೀದಾ ತೊಟ್ಟಿಲಕ್ಕ ಬಂದ್ಲು. ಕೌದಿ ಮ್ಯಾಲೆ ಅಂಗೈ ಆಡಿಸಿದ್ಲು. ಒಂದು ಸುಕ್ಕಿಲ್ಲ! ನನ್ನ ಎದಿ ಉಬ್ಬಿತು. ಆಮ್ಯಾಲೆ ಆಕಿ ಬೆರಳು ಕೆಂಪು ಮೂಲಿಗೆ ಹೋಗಿ ನಿಂತವು. ಹಿಚುಕಿ ನೋಡಿದ್ಲು. ಮತ್ತ ಹಿಚುಕಿದ್ಲು. ಆಗ ನನಗ ನೆನಪಾತು, ತ್ಯಾಪಿ ಹಚ್ಚೋ ಗಡಿಬಿಡ್ಯಾಗ ತುತ್ತು ಇಡೋದ ಮರತಿದ್ದೆ!

"ಬೀಗರ, ತುತ್ತು ಇಟ್ಟೀರೇನ್ರಿ? ಕೈಗೆ ಹತ್ತವಲ್ದು."

ಕೂಡಿದ ಹೆಂಗಸರೆಲ್ಲಾ ನನ್ನ ಮಾರಿ ನೋಡಿದ್ರು. ಹಸದ ಕೌದ್ಯಾಗ ಮೊಮ್ಮಗನ್ನ ಮಲಗಿಸಿದ ಅಜ್ಜಿ ಅಂತ ಕೂಡಲಸಂಗಮದತನಕ ಹೆಸರಾಗ್ತದ! ಅಷ್ಟರಾಗ ಮಹಾನಂದಾ ಮುಂದ ಬಂದ್ಲು.

"ಇಟ್ಟಾರ್ರಿ. ಆದರ ನಮ್ಮತ್ತಿ ಇಸ್ತ್ರಿ ಹಾಕಿದ್ದು ಹೆಂಗೈತಿ ಅಂದ್ರ, ತುತ್ತೂ ಸಪಾಟಾಗೇತ್ರಿ!"

"ಹೌದೇನ್ರಿ?" ಅಂಬವ್ವ ಒಂದು ಗಳಿಗಿ ನನ್ನ ನೋಡಿದ್ಲು. "ಅಂಥಾ ಕೈ ಇದ್ರ ನಮ್ಮನಿ ಕೌದೀನೂ ಕಳಸ್ತೇನಿ. ಅವೂ ಬರೇ ಸುಕ್ಕು."

ಕೂಸಿಗೆ ಹೆಸರಿಟ್ಟಿವಿ. ಕೂಸು ಗಡದ್ದ ನಿದ್ದಿ ಮಾಡ್ತು. ಗೆದ್ದೆ ಅಂತ ನಾ ಬಂದವರಿಗೆಲ್ಲಾ ಎರಡೆರಡು ಹೋಳಿಗಿ ಹೆಚ್ಚಿಗಿ ಬಡಿಸಿದೆ.

ಒಂದು ವಾರ ಹೋಗಿಲ್ಲ, ಬಾದಾಮಿ ಬಸ್ಸಿನಾಗ ಒಂದು ಗಂಟು ಬಂತು. ಗಂಟಲ್ಲ, ಗುಡ್ಡ! ಬಿಚ್ಚಿದ್ರ ಕೌದಿ ಮ್ಯಾಲೆ ಕೌದಿ. ಎಲ್ಲಾದರ ಮೂಲ್ಯಾಗೂ ಗುಬುಟು. ನಾ ಅಂಜಿ ಫೋನ್ ಹಚ್ಚಿಸಿದೆ.

"ಬೀಗರ, ಗಂಟು ಮುಟ್ಟಿತ್ರಿ. ಆದರ ಮೂಲ್ಯಾಗಿನ ತುತ್ತು ಏನರ ಕರಗಿದ್ರ..."

"ಕರಗಂಗಿಲ್ರಿ. ಒಣ ರೊಟ್ಟಿ ಚೂರು ಅವು. ನಿಮ್ಮ ಕೂಸಿನ ಕೌದ್ಯಾಗೂ ಅದ ಐತಿ, ಅಂಜಬ್ಯಾಡ್ರಿ. ಅವತ್ತ ನೀವು ಹೋಳಿಗಿ ಬಡಿಸಾಕ ಹೋದಾಗ ಕೆಂಪು ಮೂಲಿ ಬಿಚ್ಚಿ, ನಾನ ಇಟ್ಟು ಹೊಲದೇನಿ."

"ನಿಮಗ ಸೂಜಿ, ರೊಟ್ಟಿ..."

"ಎಲ್ಲಾ ನಿಮ್ಮ ಸೊಸೀನ ತಂದುಕೊಟ್ಲು. ಬಂಗಾರದಂಥಾ ಹುಡುಗಿ ಬಿಡ್ರಿ."

ಫೋನ್ ಇಟ್ಟು ತಿರುಗಿ ನೋಡಿದೆ. ಮಹಾನಂದಾ ಅಂಬವ್ವನ ಮೊದಲನೇ ಕೌದಿ ಹಾಸಿ, ಇಸ್ತ್ರಿ ಪಿನ್ನಿಗೆ ಚುಚ್ಚಿ ನಿಂತಿದ್ಲು.

"ಕಾದೈತ್ರಿ ಅತ್ತಿ," ಅಂದ್ಲು, "ಬರ್ರಿ."