ಕೊಬ್ಬರಿಯಂತೆ ಕುಲುಕಿ ತಂದ ಸಿಲಿಂಡರಿಗೆ

ಹಾರನಹಳ್ಳಿ ಸಮೀಪ,
ಮಾರ್ಚ್ ೧೯೯೮

ಮಾನ್ಯ ಶ್ರೀ ಹಳದಿ ಸಿಲಿಂಡರ್ ಮಹಾಶಯರೇ,

ನೀರಿನಲ್ಲಿ ಮುಳುಗುವವರ ಬೆನ್ನೇರಿ ಅವರಿಗೆ ಉಸಿರು ಕೊಡುವ ಘನಕುಲದಲ್ಲಿ ಜನಿಸಿ, ಆ ಕೆಲಸವನ್ನು ನಮ್ಮೂರಿನಲ್ಲಿ ಒಂದು ಗಳಿಗೆಯೂ ಮಾಡದೆ, ಆದರೂ ಸೇವಂತಿಗೆ ಹಾರ ಹಾಕಿಸಿಕೊಂಡು ದೇವಸ್ಥಾನದ ಪಡಸಾಲೆಯಲ್ಲಿ ವಿರಾಜಮಾನರಾಗಿರುವ ತಮ್ಮ ಸನ್ನಿಧಾನಕ್ಕೆ, ತಾಲ್ಲೂಕು ಕಚೇರಿಯ ನಿವೃತ್ತ ಗುಮಾಸ್ತ ಭಾಷ್ಯಂ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಕ್ಷೇಮ. ತಮ್ಮೊಳಗಿನ ತುಕ್ಕೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರದ ಒಂದು ಪ್ರತಿಯನ್ನು ಊರಿನವರೂ ಓದಲೆಂದು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ್ದೇನೆ, ತಾವು ತಪ್ಪು ತಿಳಿಯಬಾರದು.

ತಮ್ಮನ್ನು ಇಲ್ಲಿಗೆ ಏಕೆ ಕರೆತಂದರೆಂದು ತಮಗೆ ಯಾರೂ ತಿಳಿಸಿರಲಾರರು. ನನ್ನ ತಮ್ಮ ಅಚ್ಯುತ ಈ ದೇವಸ್ಥಾನದ ಅರ್ಚಕ. ತೀರ್ಥ ಕೊಟ್ಟ ಮೇಲೆ ಭಕ್ತರ ತಲೆಯ ಮೇಲಿಡುವ, ದೇವರ ಪಾದಗಳಿರುವ ಬೆಳ್ಳಿಯ ಶಠಾರಿಯನ್ನು ಅವನು ಕಳೆದ ತಿಂಗಳು ಹುಣಸೆಹಣ್ಣು ಹಾಕಿ ಉಜ್ಜಿ ಕಲ್ಯಾಣಿಯಲ್ಲಿ ತೊಳೆಯುತ್ತಿದ್ದಾಗ ಪಾಚಿಗೆ ಕಾಲು ಜಾರಿ, ತಾನು ಮೆಟ್ಟಿಲ ಮೇಲುಳಿದು ಶಠಾರಿಯನ್ನು ನೀರಿಗೆ ಕಳಿಸಿದ. ಸಂಜೆಯೊಳಗೆ ಊರು ತನ್ನ ತೀರ್ಪು ಹೇಳಿತು: “ನೀರಿಗೂ ಬಿದ್ದಿಲ್ಲ, ಗೀರಿಗೂ ಬಿದ್ದಿಲ್ಲ, ಹಾಸನದಾಗೆ ಕರಗ್ಸವ್ನೆ ಬಿಡ್ಲಾ.” ಯುಗಾದಿಗೆ ಮುಂಚೆ ದೇವರ ಬೆಳ್ಳಿ ಸಾಮಾನು ತಪಾಸಣೆಗೆ ಮುಜರಾಯಿಯವರು ಬರುವವರಿದ್ದರು. ಅಷ್ಟರೊಳಗೆ ಶಠಾರಿ ಸಿಗದಿದ್ದರೆ ಅಚ್ಯುತನ ಪೂಜೆಯ ಕೆಲಸ ಹೋಗಿ ಪೊಲೀಸ್ ಠಾಣೆಯ ಬೆಂಚು ಗತಿಯಾಗುತ್ತಿತ್ತು. ಅವನು ಅನ್ನ ಬಿಟ್ಟ. ಅವನ ಹೆಂಡತಿ ವೇದವಲ್ಲಿ, “ಭಾವ, ನಲ್ಲಿ ಹತ್ರ ಕೊಡ ಇಟ್ರೆ ಎಲ್ಲರೂ ಮಾತು ನಿಲ್ಲಿಸಿ ನನ್ನ ಮುಖ ನೋಡ್ತಾರೆ” ಎಂದು ಅತ್ತಳು.

ಪಂಪು ಹಚ್ಚಿ ಕಲ್ಯಾಣಿ ಬತ್ತಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ನಾನೂ ಕೇಳಿದೆ. ದೇವಸ್ಥಾನ ಸಮಿತಿಯ ಅಧ್ಯಕ್ಷರೂ ತೆಂಗಿನ ತೋಟದ ಯಜಮಾನರೂ ಆದ ದೊಡ್ಡಬೀರಪ್ಪನವರು, ದೇವರ ನೀರು ಬತ್ತಿಸಿದರೆ ಊರಿಗೆ ಕೇಡೆಂದೂ, ಅಲ್ಲದೆ ಅವರ ಪಂಪ್‌ಸೆಟ್ಟಿಗೆ ಮೈ ಸರಿಯಿಲ್ಲವೆಂದೂ ಅಪ್ಪಣೆ ಕೊಡಿಸಿದರು. ಆಗ ಗೆಂಡೆಹಳ್ಳಿಯ ಇಂದುಧರ, ನೌಕಾಪಡೆಯಲ್ಲಿ ಮುಳುಗುಗಾರನಾಗಿದ್ದೆನೆಂದು ಮದುವೆ ಮನೆಯ ಪಂಕ್ತಿಯಲ್ಲೂ ಹೇಳಿಕೊಳ್ಳುವವರು, ಮುಖವಾಡವೂ ಉಸಿರುಕೊಳವೆಯೂ ನನ್ನಲ್ಲಿವೆ, ಗಾಳಿಯ ಸಿಲಿಂಡರೊಂದನ್ನು ತಂದುಕೊಟ್ಟರೆ ಇಳಿಯುತ್ತೇನೆಂದರು. ಆರಿಸಲು ಅವರನ್ನೇ ಕಳಿಸಬಹುದಿತ್ತು. ಆದರೆ ಅಧ್ಯಕ್ಷರು ಸಾಮಾನು ಆರಿಸುವಾಗ ತಿಳಿದವರು ಬಾಯಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ.

ಹೀಗಾಗಿ ದೊಡ್ಡಬೀರಪ್ಪನವರು ಹೊಸ ಬೈಕಿನಲ್ಲಿ ಘಟ್ಟವಿಳಿದು ಮಂಗಳೂರಿನ ಬಂದರಿನ ಬಳಿಯ ಅಂಗಡಿಗೆ ದಯಮಾಡಿಸಿದರು. ಅರಸೀಕೆರೆ ಸೀಮೆಯ ಮನುಷ್ಯ ಯಾವ ವಸ್ತುವನ್ನಾದರೂ ಕೊಬ್ಬರಿಯ ಕಣ್ಣಿನಿಂದಲೇ ನೋಡುತ್ತಾನೆಂಬುದು ಪಾಪ ಆ ಅಂಗಡಿಯವನಿಗೆ ಗೊತ್ತಿರಲಿಲ್ಲ. ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಬಳಿ ಕುಲುಕಿದಾಗ ಒಳಗಿನ ಉಂಡೆ ಲೊಟಲೊಟ ಎಂದರೆ ಮಾಲು ಪಕ್ವ, ಸುಮ್ಮನಿದ್ದರೆ ಹಸಿ. ಸಾಲಾಗಿ ನಿಂತ ಸಿಲಿಂಡರುಗಳನ್ನು ಅಧ್ಯಕ್ಷರು ಒಂದೊಂದಾಗಿ ಅಪ್ಪಿ ಕುಲುಕಿದರು. ತಮ್ಮ ಮರ್ಯಾದಸ್ಥ ಬಂಧುಗಳೆಲ್ಲ ಬಾಯಿ ಬಿಡಲಿಲ್ಲ. ಗುಜರಿಗೆ ಹಾಕಲೆಂದು ಮೂಲೆಯಲ್ಲಿಟ್ಟಿದ್ದ ತಾವು ಮಾತ್ರ ಲೊಟಲೊಟ ಎಂದಿರಿ! ಅಂಗಡಿಯವನು ಅದು ಬೇಡವೆಂದು ಕೈಮುಗಿದಷ್ಟೂ ನಮ್ಮವರಿಗೆ ಒಳ್ಳೇ ಮಾಲನ್ನು ಬಚ್ಚಿಟ್ಟಿದ್ದಾನೆಂಬ ನಂಬಿಕೆ ಬಲವಾಯಿತು. ಕೊನೆಗೆ ತಮ್ಮನ್ನು ಹಿಂದಿರುಗಿಸಿದಾಗಲೇ ವಾಪಸು ಕೊಡುವ ಕರಾರಿನ ಮೇಲೆ ಬೈಕನ್ನೇ ಅವನಲ್ಲಿ ಅಡವಿಟ್ಟು, ತಮ್ಮನ್ನು ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ಅಧ್ಯಕ್ಷರು ನಿಂತುಕೊಂಡು ಬಂದರು.

ತಮಗೆ ಗಾಳಿ ತುಂಬಿಸಲು ಅಂಗಡಿಯವನು ಒಪ್ಪದಿದ್ದುದರಿಂದ ಆ ಭಾಗ್ಯ ಅರಸೀಕೆರೆಯಲ್ಲಿ ಪಂಚರ್ ಹಾಕುವ ನಂಜಪ್ಪನಿಗೆ ದಕ್ಕಿತು. ಲಾರಿ ಚಕ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಒತ್ತಡ ಬೇಡುವ ತಮ್ಮ ಕಂಠಕ್ಕೆ ಅವನು ಸೈಕಲ್ ಟ್ಯೂಬಿನ ತುಂಡು ಸುತ್ತಿ ಕೊಳವೆ ಸಿಕ್ಕಿಸಿ, ಎತ್ತಿನ ಗಾಡಿಗೂ ಸಾಲದಷ್ಟು ಗಾಳಿ ಹೊಡೆದ. ಬಳಿಕ ತಮ್ಮನ್ನು ಟ್ಯೂಬು ಪರೀಕ್ಷಿಸುವ ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಏಳಲಿಲ್ಲವೆಂದು “ಪಂಚರ್ ಇಲ್ಲ ಕಣಣ್ಣೋ, ಕಲ್ಲಿದ್ದಂಗೈತೆ” ಎಂದು ಪ್ರಮಾಣ ಮಾಡಿದ. ತಮ್ಮ ಜೀವನದಲ್ಲಿ ಇಷ್ಟು ಶ್ರದ್ಧೆಯ ತಪಾಸಣೆ ಹಿಂದೆಂದೂ ನಡೆದಿರಲಾರದು.

ಇಂದುಧರ ಮಾತ್ರ ಅಪಶಕುನ ನುಡಿದರು. ಕಲ್ಯಾಣಿಯ ಮೆಟ್ಟಿಲ ಮೇಲೆ ತಮ್ಮ ಹೆಗಲಿನಲ್ಲಿ ಕೆತ್ತಿದ್ದ ಪರೀಕ್ಷೆಯ ತಾರೀಖು ಓದಿ, ಅದು ಅವರು ನೌಕಾಪಡೆ ಸೇರುವುದಕ್ಕೂ ಹಿಂದಿನದೆಂದರು. ಗಾಳಿಯನ್ನೆಲ್ಲ ಹೊರಬಿಟ್ಟು, ಬಾಯಿ ತಿರುಚಿ ಬಿಚ್ಚಿ, ತಮ್ಮನ್ನು ತಲೆಕೆಳಗು ಮಾಡಿದಾಗ ಕೆಂಪು ಹಕ್ಕಳೆಗಳು ಒಂದು ಬೊಗಸೆಯಷ್ಟು ಸುರಿದವು. “ಇದು ಕೊಬ್ರಿ ಅಲ್ಲ ಕಣ್ರೀ, ತುಕ್ಕು. ಇದನ್ನ ಬೆನ್ನಿಗೆ ಕಟ್ಕೊಂಡು ಇಳಿದ್ರೆ ನಾಳೆ ಶಠಾರಿ ಜೊತೆ ನನ್ನೂ ಹುಡುಕ್ಬೇಕಾಯ್ತದೆ” ಎಂದು ಮುಖವಾಡವನ್ನು ಚೀಲಕ್ಕೆ ಹಾಕಿಕೊಂಡರು.

ಆದರೆ ಅಧ್ಯಕ್ಷರು ಸೋಲೊಪ್ಪುವ ಕುಳವೇ? “ಪೂಜೆ ಆಗಿಲ್ಲ, ಅದಕ್ಕೇ ಹಿಂಗಾಡ್ತೈತೆ” ಎಂದು ತಮ್ಮ ಬಾಯನ್ನು ಮತ್ತೆ ತಿರುಗಿಸಿ ಮುಚ್ಚಿಸಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ತಮ್ಮ ಪಾದದ ಬಳಿಯೇ ಕಾಯಿ ಒಡೆದರು. ಕಾಯಿಯ ನೀರು ಪಾಚಿಯ ಮೇಲೆ ಹರಿಯಿತು. ತಾವು ಒಮ್ಮೆ ವಾಲಿ, ಗಾಂಭೀರ್ಯ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಉರುಳಿ, ಕಲ್ಯಾಣಿಯ ತಳ ಸೇರಿದಿರಿ. “ಅಯ್ಯೋ, ನನ್ ಬೈಕು!” ಎಂಬ ಅಧ್ಯಕ್ಷರ ಆರ್ತನಾದ ದೂರದ ಬಸ್ತಿಹಳ್ಳಿಗೂ ಕೇಳಿಸಿರಬೇಕು.

ಮುಂದಿನದು ಪವಾಡವೇ. ಕಾಫಿ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ, ಮೈ ಸರಿಯಿಲ್ಲದ ಪಂಪ್‌ಸೆಟ್ಟು ಟ್ರ್ಯಾಕ್ಟರ್ ಏರಿ ಬಂತು. ದೇವರ ನೀರಿನ ಕೇಡು ಯಾರ ನೆನಪಿಗೂ ಬರಲಿಲ್ಲ. ಒಬ್ಬ ಮನುಷ್ಯನ ಮಾನಕ್ಕೆ ಅಲುಗದ ಪಂಪು ಬೈಕಿಗಾಗಿ ಸಂಜೆಯವರೆಗೆ ಉಸಿರು ಬಿಡದೆ ದುಡಿಯಿತು. ಕೆಸರಿನಲ್ಲಿ ತಾವು ಮಲಗಿದ್ದಿರಿ, ಮಾರು ದೂರದಲ್ಲಿ ಶಠಾರಿ ಮಿನುಗುತ್ತಿತ್ತು. ಅಚ್ಯುತ ಮಡಿಪಂಚೆಯಲ್ಲೇ ಕೆಸರಿಗೆ ಧುಮುಕಿ ಅದನ್ನು ಎದೆಗವಚಿಕೊಂಡು ಬಿಕ್ಕಿದ. ನಾನೂ ಅತ್ತೆ, ಅದರಲ್ಲಿ ನನಗೆ ನಾಚಿಕೆಯಿಲ್ಲ.

ಮರುದಿನ ಮಂಗಳಾರತಿಯಾದ ಮೇಲೆ ದೊಡ್ಡಬೀರಪ್ಪನವರು, “ಶಠಾರಿ ಹುಡುಕ್ಕೊಟ್ಟಿದ್ದೇ ಸಿಲಿಂಡರ್ರು, ಮೊದಲ ಮರ್ಯಾದೆ ಅದಕ್ಕೇ” ಎಂದು ಘೋಷಿಸಿದರು. ಅಚ್ಯುತ ಶಠಾರಿಯನ್ನು ತಮ್ಮ ಹಿತ್ತಾಳೆಯ ನೆತ್ತಿಯ ಮೇಲಿಟ್ಟ. ಅವನನ್ನು ಕಳ್ಳನೆಂದು ತೋರಿಸಿದ ಕೈಗಳೆಲ್ಲ ತಮ್ಮ ಮುಂದೆ ಜೋಡಿಕೊಂಡು ನಿಂತವು. ಈಗ ಅಧ್ಯಕ್ಷರು ತಮ್ಮನ್ನು ಮಂಗಳೂರಿಗೆ ಒಯ್ಯಲು ಬಂದರೆ ಹೆಂಗಸರು ಅಡ್ಡ ನಿಲ್ಲುತ್ತಾರಂತೆ, ಬೈಕಂತೂ ಸಮುದ್ರದ ಗಾಳಿ ಕುಡಿಯುತ್ತಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ಅರಿಕೆಗಳಿವೆ. ತಾವು ಪಡೆದ ಮೊದಲ ಮರ್ಯಾದೆಯನ್ನು ನನ್ನ ತಮ್ಮನಿಗೆ ಹಿಂದಿರುಗಿಸಬೇಕು. ಹಾಗೆಯೇ ಕಳೆದ ತಿಂಗಳಿಂದ ಈ ಊರಿನ ಜಗಲಿಗಳಲ್ಲಿ ಅವನ ಮೇಲೆ ಹೊರಟ ಮಾತುಗಳನ್ನೆಲ್ಲ ಒಂದನ್ನೂ ಬಿಡದೆ ಎಳೆದುಕೊಂಡು, ತಮ್ಮೊಳಗೆ ತುಂಬಿಕೊಂಡು, ಬಾಯಿ ಭದ್ರವಾಗಿ ಮುಚ್ಚಿಕೊಳ್ಳಬೇಕು. ತಮ್ಮ ಹೊಟ್ಟೆ ಸಾಲದಿದ್ದರೆ ಬಂದರಿನಲ್ಲಿರುವ ಬಂಧುಗಳನ್ನೂ ಕರೆಸಿಕೊಳ್ಳಬಹುದು, ಬಸ್ ಚಾರ್ಜು ನನ್ನದು. ಊರಿನವರು ತಮ್ಮ ಮಾತನ್ನಾದರೂ ಕೇಳುತ್ತಾರಾದ್ದರಿಂದ, ವೇದವಲ್ಲಿ ನಲ್ಲಿಯ ಬಳಿ ಬಂದಾಗ ದಾರಿ ಬಿಟ್ಟು, “ತಪ್ಪಾಯ್ತು ಕಣಮ್ಮ” ಎನ್ನುವಂತೆ ಅವರಿಗೆ ಬುದ್ಧಿ ಹೇಳಬೇಕು.

ಇಂತಿ, ತಮ್ಮೊಳಗಿನ ಗಾಳಿಯಷ್ಟೇ ಗಟ್ಟಿಯಾದ,
ತಮ್ಮ ವಿಶ್ವಾಸಿ,
ಭಾಷ್ಯಂ

ತಾ.ಕ.: ಅಚ್ಯುತನ ಕ್ಷಮೆ ಕೇಳಲೆಂದೇ ನಿನ್ನೆ ಊರಿನವರು ದೇವಸ್ಥಾನದಲ್ಲಿ ಸಭೆ ಸೇರಿದ್ದರು. ದೀಪ ಹಚ್ಚುವ ಹೊತ್ತಾದರೂ ಯಾರೊಬ್ಬರೂ ತುಟಿ ಬಿಚ್ಚಲಿಲ್ಲ. ಇಂದುಧರರಿಗೆ ತಿಳಿಸಿದ್ದೇನೆ, ಇನ್ನು ಮುಂದೆ ನೀರಿಗಿಳಿಯಲು ಸಿಲಿಂಡರೇ ಬೇಡ, ನಮ್ಮೂರಿನ ಯಾರನ್ನಾದರೂ ಕರೆದೊಯ್ಯಿರಿ, ಬೇಕಾದಾಗ ಉಸಿರು ಬಿಗಿಹಿಡಿಯುವುದರಲ್ಲಿ ಇವರನ್ನು ಮೀರಿಸಿದವರಿಲ್ಲ.