ಆಂಪ್ಲಿಫೈಯರಿನ ಸುರಕ್ಷತೆ ಮತ್ತು ನಮ್ಮ ಓಣಿಯ ನೀರು

ವಿದ್ಯುತ್ತು ಮನುಷ್ಯನ ಅತ್ಯಂತ ನಿಷ್ಪಕ್ಷಪಾತಿ ಶತ್ರು. ಅದು ವಯಸ್ಸು ನೋಡುವುದಿಲ್ಲ, ಜಾತಿ ಕೇಳುವುದಿಲ್ಲ, ಪದವಿಗೆ ಮರ್ಯಾದೆ ಕೊಡುವುದಿಲ್ಲ. ಅದರ ಮುಂದೆ ವಿನಯದಿಂದ ನಿಂತವನು ಮಾತ್ರ ಸಂಜೆ ಮನೆಗೆ ಹೋಗುತ್ತಾನೆ. ಈ ಮಾತನ್ನು ಕುಷ್ಟಗಿಯ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನಿಂತು ನಾನು ಪ್ರತಿವರ್ಷ ಬಹಳ ಗಂಭೀರವಾಗಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ಮಿಕ್ಸರಿನ ಪ್ಲಗ್ ಹಾಕುವವಳು ನನ್ನ ಹೆಂಡತಿ.

ಇದನ್ನು ಆಕೆ ಅಂಜಿಕೆ ಎನ್ನುತ್ತಾಳೆ. ನಾನು ಮುಂಜಾಗ್ರತೆ ಎನ್ನುತ್ತೇನೆ. ಈ ಬಗ್ಗೆ ನಮ್ಮಿಬ್ಬರಲ್ಲಿ ಇನ್ನೂ ಒಮ್ಮತ ಮೂಡಿಲ್ಲ.

ಶನಿವಾರ ಮಧ್ಯಾಹ್ನ ಪ್ರಯೋಗಾಲಯದಲ್ಲಿ ಸಾವಿತ್ರಿ ಎಂಬ ವಿದ್ಯಾರ್ಥಿನಿ ಕೈ ಎತ್ತಿದಳು. ಹನುಮಸಾಗರದಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಸುಮ್ಮನೆ ಕೈ ಎತ್ತುವವಳಲ್ಲ.

"ಸರ್, ಈ ಆಂಪ್ಲಿಫೈಯರ್ ಮುಟ್ಟಿದ್ರ ಕೈ ಜುಮ್ ಅಂತೈತ್ರಿ."

"ಸೋಮವಾರ ಪರೀಕ್ಷಾ ಐತಲ್ಲವಾ, ಅದರ ಭಯ ಅದು," ಎಂದೆ.

"ಇಲ್ರಿ ಸರ್. ನೀವ ಮುಟ್ಟಿ ನೋಡ್ರಿ."

ಮುಟ್ಟಿದೆ. ಸೋಮವಾರ ನನಗೇನೂ ಪರೀಕ್ಷೆ ಇರಲಿಲ್ಲ. ಆದರೂ ಜುಮ್ ಎಂದಿತು!

ಪರಿಸ್ಥಿತಿ ಗಂಭೀರವಾಗಿತ್ತು. ಕಬ್ಬಿಣದ ಮೈಯ ಆ ಹಳೆಯ ಡಬ್ಬಿ ಇದ್ದದ್ದು ಒಂದೇ. ಸೋಮವಾರ ಬೆಳಿಗ್ಗೆ ಕೊಪ್ಪಳದಿಂದ ಪರೀಕ್ಷಕರು ಬರುವವರಿದ್ದರು. ಪ್ರಯೋಗ ಇಲ್ಲವೆಂದರೆ ಅಷ್ಟು ದಿನ ಅದನ್ನು ಕಲಿತ ಮಕ್ಕಳಿಗೆ ಅನ್ಯಾಯ. ಇದೆಯೆಂದರೆ ಯಾವ ಹುಡುಗಿಯ ಕೈಗೆ ಜೋರಾಗಿ ಹೊಡೆಯುತ್ತದೋ ಎಂಬ ದಿಗಿಲು. ಸುದ್ದಿ ಕೇಳಿ ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಹಾ ಕುಡಿಯುವುದನ್ನು ನಿಲ್ಲಿಸಿದರು. ಅಷ್ಟು ಜನ ಒಮ್ಮೆಲೇ ನನ್ನನ್ನು ನೋಡಿದ್ದು ಅದೇ ಮೊದಲು.

"ಮನಿಗೆ ಒಯ್ದು ನಾನ ರಿಪೇರಿ ಮಾಡ್ತೀನ್ರಿ," ಎಂದುಬಿಟ್ಟೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಜುಮ್ ಎಂದಿತು.

ರವಿವಾರ ಬೆಳಿಗ್ಗೆ ಡಬ್ಬಿಯನ್ನು ಪಡಸಾಲೆಯ ನಡುವೆ ಇಟ್ಟೆ. ಹೆಂಡತಿ ಗಿರಿಜಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಏನ್ರಿ ಇದು?"

"ಆಂಪ್ಲಿಫೈಯರ್."

"ಏನ್ ಮಾಡ್ತೈತಿ?"

"ಸಣ್ಣದನ್ನ ದೊಡ್ಡದು ಮಾಡ್ತೈತಿ."

"ಮನ್ಯಾಗ ಅದಕ್ಕ ನೀವ ಅದೀರಲ್ಲ. ಇದ್ಯಾಕ ಮತ್ತ?"

ವಿಜ್ಞಾನಿಯಾದವನು ಇಂಥವನ್ನು ಸಹಿಸಬೇಕಾಗುತ್ತದೆ.

ಮೊದಲು ಸುರಕ್ಷತಾ ವ್ಯವಸ್ಥೆ. ಮೈಮೇಲೆ ಲೋಹ ಇರಕೂಡದು: ಕೈಗಡಿಯಾರ ಬಿಚ್ಚಿದೆ, ಉಂಗುರ ತೆಗೆದೆ. ಸ್ವಲ್ಪ ಯೋಚಿಸಿ ಒಳಗೆ ಹೋಗಿ ಸೊಂಟದ ಬೆಳ್ಳಿ ಉಡದಾರವನ್ನೂ ಬಿಚ್ಚಿಟ್ಟು ಬಂದೆ. ಲುಂಗಿ ನಿಂತಿದ್ದು ಆ ಉಡದಾರದ ಆಧಾರದ ಮೇಲೆಯೇ ಎಂಬುದು ಬಿಚ್ಚಿದ ಮೇಲೆ ತಿಳಿಯಿತು. ಕಾಲ ಕೆಳಗೆ ಒಣಗಿದ ಕಟ್ಟಿಗೆಯ ಮಣೆ, ಕಾಲಿಗೆ ದಪ್ಪ ರಬ್ಬರ್ ಚಪ್ಪಲಿ. ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಹರಿಯದಿರಲು ಒಂದು ಕೈ ಸದಾ ಜೇಬಿನಲ್ಲಿರಬೇಕು ಎಂಬುದು ಶಾಸ್ತ್ರ. ಲುಂಗಿಗೆ ಜೇಬಿರಲಿಲ್ಲ, ಆದರೆ ಒಂದು ಕೈಯಿಂದ ಲುಂಗಿಯನ್ನೇ ಹಿಡಿದುಕೊಳ್ಳಬೇಕಾಗಿ ಬಂದದ್ದರಿಂದ ಶಾಸ್ತ್ರಕ್ಕೆ ಭಂಗ ಬರಲಿಲ್ಲ.

ಕೊನೆಯ ನಿಯಮ: ಒಬ್ಬನೇ ಕೆಲಸ ಮಾಡಬಾರದು. ಗಿರಿಜಾಳನ್ನು ಮೇನ್ ಸ್ವಿಚ್ಚಿನ ಹತ್ತಿರ ನಿಲ್ಲಿಸಿದೆ.

"ಒದರಿದ್ದು ಕೇಳಿದ ಕೂಡ್ಲೇ ಮೇನ್ ತಗದುಬಿಡು. ಯಾಕ, ಏನು ಅಂತ ಕೇಳಾಕ ಹೋಗಬ್ಯಾಡ. ಕೇಳೋದ್ರಾಗ ಜೀವ ಹೋಗಿರತೈತಿ."

"ಇವತ್ತು ನಳ ಬರೋ ದಿನಾ ಐತ್ರಿ. ನಾ ಇಲ್ಲಿ ಗೂಟದಂಗ ನಿಂತ್ರ ಹಂಡೆ ಯಾರ್ ತುಂಬತಾರ?"

ನಮ್ಮ ಓಣಿಗೆ ನೀರು ಬರುವುದು ವಾರಕ್ಕೊಮ್ಮೆ. ಅದು ಬಂದಾಗ ಮದುವೆ ಮನೆಯವರೂ ಅಕ್ಷತೆ ಬದಿಗಿಟ್ಟು ಕೊಡ ಹಿಡಿಯುತ್ತಾರೆ.

"ಜೀವ ದೊಡ್ಡದೋ, ನೀರು ದೊಡ್ಡದೋ?" ಎಂದು ಕೇಳಿದೆ.

ಆಕೆ ಖಾಲಿ ಹಂಡೆಯ ಕಡೆ ನೋಡಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಶರಣಪ್ಪನವರು ಬಂದರು. ಹೊಲದಲ್ಲಿ ಪಂಪ್‌ಸೆಟ್ ಇಟ್ಟವರು. ಹಟ ಹಿಡಿದ ಸ್ಟಾರ್ಟರನ್ನು ಬರೇ ಬೈದು ಚಾಲೂ ಮಾಡುತ್ತಾರೆಂಬ ಹೆಸರಿದೆ. ಬಾಗಿಲಲ್ಲೇ ಕೂತು ತಂಬಾಕು ತಿಕ್ಕುತ್ತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸರ, ಯುದ್ಧಕ್ಕ ಹೊಂಟೀರೇನ್ರಿ?"

ಪ್ಲಗ್ ತೆಗೆದ ಡಬ್ಬಿಯ ಮುಚ್ಚಳ ಬಿಚ್ಚಿದೆ. ಒಳಗೆ ದಪ್ಪನೆಯ ಕೆಪಾಸಿಟರೊಂದು ಕೂತಿತ್ತು. ಪ್ಲಗ್ ತೆಗೆದ ಮೇಲೂ ಕರೆಂಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಯುವ ವಸ್ತು ಅದು. ಅದೂ ನಾನೂ ಒಬ್ಬರನ್ನೊಬ್ಬರು ದಿಟ್ಟಿಸಿದೆವು. ಸ್ವಲ್ಪ ಹೊತ್ತಿನ ಮೇಲೆ ನಾನು ಮುಚ್ಚಳ ಹಾಕಿ ತಿರುಪು ಬಿಗಿಮಾಡಿದೆ. ಇದಕ್ಕೆ ಆಂತರಿಕ ಪರಿಶೀಲನೆ ಎನ್ನುತ್ತಾರೆ.

ದೋಷ ಸಿಕ್ಕದ್ದು ಹೊರಗೆ. ಪ್ಲಗ್ಗಿನ ಮೂರನೆಯ, ದಪ್ಪ ಪಿನ್ನೇ ಇರಲಿಲ್ಲ! ಎರಡು ತೂತಿನ ಸಾಕೆಟ್ಟಿಗೆ ಸೇರಿಸಲು ಯಾರೋ ಯಾವುದೋ ಕಾಲದಲ್ಲಿ ಮುರಿದು ಒಗೆದಿದ್ದರು. ನಮ್ಮ ಕಡೆ ಆ ಪಿನ್ನನ್ನು ಕಂಪನಿಯವರು ಚಂದಕ್ಕೆ ಇಟ್ಟಿರುತ್ತಾರೆಂದು ನಂಬಿದವರೇ ಬಹಳ. ಆದರೆ ಡಬ್ಬಿಯ ಮೈಗೆ ಸೋರಿದ ಕರೆಂಟನ್ನು ಭೂಮಿಗೆ ಇಳಿಸುವುದು ಅದೊಂದೇ. ಹೊಸ ಪ್ಲಗ್ ತಂದು ಕೂಡಿಸಿದೆ. ಆಮೇಲೆ ಬಲ್ಬು ಹಚ್ಚಿ ನಮ್ಮ ಮನೆಯ ಸಾಕೆಟ್ಟನ್ನು ಪರೀಕ್ಷಿಸಿದರೆ, ಅದರ ಮೂರನೆಯ ತೂತಿನ ಹಿಂದೆ ಗೋಡೆ ಬಿಟ್ಟು ಬೇರೇನೂ ಇರಲಿಲ್ಲ.

ಇಷ್ಟು ವರ್ಷ ನಾನು ಅರ್ಥಿಂಗ್ ಇಲ್ಲದ ಮನೆಯಲ್ಲಿ ಮಲಗಿ ಎದ್ದಿದ್ದೆ.

"ಅದಕ್ಯಾಕ ಅಷ್ಟ್ ತಲಿ ಕೆಡಿಸ್ಕೊಂತೀರಿ?" ಎಂದರು ಶರಣಪ್ಪ. "ನಾವು ಮೋಟಾರಿನ ಅರ್ಥಿಂಗ್ ತಂತಿ ಬೋರಿನ ಕೇಸಿಂಗ್ ಪೈಪಿಗೇ ಕಟ್ಟೀವಿ. ನೀವು ನಳಕ್ಕ ಕಟ್ರಿ. ಪೈಪು ನೆಲದಾಗ ಹೋಗಿರತೈತಿ, ಕರೆಂಟೂ ಅದರ ಬೆನ್ನಹಿಂದ ಹೋಗತೈತಿ."

ನಾನು ಓದುವಾಗಿನ ಹಳೆಯ ಪುಸ್ತಕದಲ್ಲೂ ಹಾಗೆಯೇ ಇತ್ತು. ವಿಜ್ಞಾನ ಮತ್ತು ಶರಣಪ್ಪನವರು ಒಂದೇ ಅಭಿಪ್ರಾಯಕ್ಕೆ ಬಂದದ್ದು ನೋಡಿ ನನ್ನ ಎದೆ ತುಂಬಿತು. ಸಾಕೆಟ್ಟಿಗೆ ಹಚ್ಚಿದ ಬಲ್ಬನ್ನು ಪೈಪಿಗೂ ಹಚ್ಚಿ ನೋಡಬೇಕಿತ್ತು. ನೋಡಲಿಲ್ಲ. ನಳದ ಪೈಪು ಭೂಮಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ? ಡಬ್ಬಿಯ ಮೈಯಿಂದ ಒಂದು ತಾಮ್ರದ ತಂತಿ ಎಳೆದು, ಗೋಡೆಗುಂಟ ಹೋಗಿದ್ದ ಕಬ್ಬಿಣದ ಪೈಪಿಗೆ ಬಿಗಿಯಾಗಿ ಸುತ್ತಿದೆ. ಅದೇ ಪೈಪು ಮುಂದೆ ಶರಣಪ್ಪನವರ ನಳಕ್ಕೂ, ಅದರಾಚೆ ಮನೆಯ ನೀಲಮ್ಮನವರ ನಳಕ್ಕೂ ಹೋಗುತ್ತಿತ್ತು.

ಶರಣಪ್ಪ ತಂಬಾಕು ಬಾಯಿಗೆ ಹಾಕಿಕೊಂಡು ಹೋದರು. ನಾನು ಮಣೆ ಹತ್ತಿ, ಲುಂಗಿ ಹಿಡಿದು, ದೇವರನ್ನು ನೆನೆದು ಸ್ವಿಚ್ ಹಾಕಿದೆ. ಬೆರಳ ತುದಿಯಿಂದ ಡಬ್ಬಿಯನ್ನು ಮುಟ್ಟಿದೆ.

ಜುಮ್ ಇಲ್ಲ! ಅಂಗೈ ಇಟ್ಟೆ. ಇಲ್ಲವೇ ಇಲ್ಲ! ರಬ್ಬರ್ ಚಪ್ಪಲಿ ಹಾಕಿ ಕಟ್ಟಿಗೆಯ ಮಣೆಯ ಮೇಲೆ ನಿಂತವನಿಗೆ ಜುಮ್ ಎನ್ನುವುದು ಸಾಧ್ಯವಿಲ್ಲ ಎಂಬ ಸಂಗತಿ ಆ ಸಂಭ್ರಮದಲ್ಲಿ ಹೊಳೆಯಲಿಲ್ಲ. ಸೋಮವಾರದ ಪರೀಕ್ಷಕರು, ಪ್ರಿನ್ಸಿಪಾಲರ ಮುಗುಳ್ನಗೆ, ಎಲ್ಲವೂ ಕಣ್ಣಮುಂದೆ ಬಂದವು.

ಅದೇ ಹೊತ್ತಿಗೆ ಓಣಿಗೆ ನೀರು ಬಂತು. ಕೊಡಗಳ ಸಪ್ಪಳ. ಹಿಂದೆಯೇ ಒಂದು ಕೂಗು.

"ಯವ್ವಾ! ಸತ್ತೆ!"

ದಡ್ಡನೆ ಕೊಡ ಬಿತ್ತು. ಇತ್ತ ಗಿರಿಜಾ ದಡ್ಡನೆ ಮೇನ್ ತೆಗೆದಳು.

"ನಾ ಎಲ್ಲಿ ಒದರೀನಿ?" ಎಂದೆ.

"ಯಾರೋ ಒದರಿದ್ರಲ್ರಿ. ಕೇಳಬ್ಯಾಡ ಅಂದಿದ್ರಿ, ಕೇಳಲಿಲ್ಲ."

ಬಾಗಿಲಲ್ಲಿ ನೀಲಮ್ಮನವರು ಕೈ ಝಾಡಿಸುತ್ತ ನಿಂತಿದ್ದರು. ವಯಸ್ಸಾದ ಜೀವ, ನಾನು ಕಾಲೇಜಿನಲ್ಲಿ ಏನು ಕಲಿಸಿದರೂ ಅವರಿಗೆ ನಾನು ಮಾಸ್ತರ.

"ಮಾಸ್ತರ್ರ, ನಳದಾಗ ಕರೆಂಟ್ ಬರಾಕತ್ತೈತಿ!"

ಹೊರಗೆ ಹೋಗಿ ಅವರ ನಳ ಮುಟ್ಟಿದೆ. ಏನೂ ಇರಲಿಲ್ಲ. ಮೇನ್ ತೆಗೆದಿದ್ದರಿಂದ ಇರುವುದು ಶಕ್ಯವೂ ಇರಲಿಲ್ಲ.

"ನೀಲಮ್ಮಾರ, ಇದು ನರದ ಸಮಸ್ಯೆ ಐತ್ರಿ. ಬಿಸಿಲಿಗೆ ನರ ಒಣಗಿದ್ರ ಹಿಂಗಾಗತೈತಿ. ನೀರು ಜಾಸ್ತಿ ಕುಡೀರಿ."

"ಆ ನೀರು ಹಿಡ್ಯಾಕ ಹೋದ್ರ ಹೊಡ್ಯಾಕತ್ತೈತ್ರೀ!" ಎಂದರು ಅವರು.

ಒಳಗೆ ಬಂದು ಮಣೆ ಹತ್ತಿದೆ. "ಹಾಕು" ಎಂದೆ. ಗಿರಿಜಾ ಮೇನ್ ಹಾಕಿದಳು.

"ಯಪ್ಪೋ!" ಈ ಸಲ ಗಂಡು ಧ್ವನಿ. ಶರಣಪ್ಪನವರದು. ಗಿರಿಜಾ ಮೇನ್ ತೆಗೆದಳು.

ಹೊರಗೆ ಗದ್ದಲ ಎದ್ದಿತು. ಶರಣಪ್ಪನವರ ನರಗಳು ಒಣಗಿವೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಕಿಟಕಿಯಿಂದ ನೋಡಿದೆ. ಹೆಂಗಸರೆಲ್ಲ ಕೊಡ ಹಿಡಿದು ದೂರ ನಿಂತಿದ್ದರು. ಮೂರೂ ಮನೆಗಳ ನಳದಿಂದ ವಾರದ ನೀರು ಧೋ ಎಂದು ಓಣಿಯ ಮಣ್ಣಿಗೆ ಹರಿಯುತ್ತಿತ್ತು. "ಯಾರೂ ಮುಟ್ಟಬ್ಯಾಡ್ರಿ! ಹುಡುಗ್ರನ್ನ ಹಿಡ್ಕೋರಿ!" ಎಂದು ಶರಣಪ್ಪ ಕೂಗುತ್ತಿದ್ದರು. ಇದಕ್ಕೂ ನನ್ನ ಡಬ್ಬಿಗೂ ಸಂಬಂಧವೇನಾದರೂ? ಛೇ! ನಾನು ಅರ್ಥಿಂಗ್ ಕೊಟ್ಟಿದ್ದೆ. ಸುರಕ್ಷತೆಯಿಂದ ಯಾರಿಗಾದರೂ ಅಪಾಯವಾಗುತ್ತದೆಯೇ?

"ಮಾಸ್ತರ್ರ, ಹೊರಗ ಬರ್ರಿ! ನೀವ ನೋಡಿ ಹೇಳ್ರಿ!"

ಹೊರಟೆ. ರಬ್ಬರ್ ಚಪ್ಪಲಿ ಮಣೆಯ ಮೇಲೆಯೇ ಉಳಿದವು. ಡಬ್ಬಿಯ ಸ್ವಿಚ್ಚೂ ಹಾಗೆಯೇ ಉಳಿಯಿತು.

"ನೀವು ಹೊರಗ ಹೊಂಟ್ರಲ್ಲ, ಮೇನ್ ಹಾಕ್ಲೇನ್ರಿ?" ಎಂದಳು ಗಿರಿಜಾ. "ಫ್ಯಾನ್ ಇಲ್ದ ಕುದ್ದಂಗ ಆಗೇತಿ."

"ಹಾಕು," ಎಂದೆ ಧಾರಾಳವಾಗಿ.

ಬರಿಗಾಲು. ಒದ್ದೆ ಮಣ್ಣು. ಒಂದು ಕೈಯಲ್ಲಿ ಲುಂಗಿ. ಇಡೀ ಓಣಿ ಉಸಿರು ಬಿಗಿಹಿಡಿದು ನೋಡುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡೆ.

"ನೋಡ್ರಿ, ಭಯ ಅನ್ನೋದು ಮನಸ್ಸಿನ್ಯಾಗ ಇರತೈತಿ. ನಳದಾಗಲ್ಲ," ಎಂದು ಹೇಳಿ, ನಳವನ್ನು ಪೂರ್ಣ ಅಧಿಕಾರದಿಂದ ಹಿಡಿದೆ.

ಅದು ನಳದಲ್ಲೇ ಇತ್ತು.

ನಾನು ಏನೆಂದು ಕೂಗಿದೆನೋ ಗೊತ್ತಿಲ್ಲ. ಅದು ಭಾಷೆಯಾಗಿರಲಿಲ್ಲ ಎಂದು ಆಮೇಲೆ ನೀಲಮ್ಮನವರು ಹೇಳಿದರು. ಒಂದು ಕೈ ಲುಂಗಿಯಲ್ಲಿದ್ದರೆ ಎದೆ ಸುರಕ್ಷಿತ ಎಂದು ಶಾಸ್ತ್ರ ಹೇಳುತ್ತದೆ. ಕರೆಂಟು ಕೈಯಿಂದ ಹೊರಟು ಒದ್ದೆ ಕಾಲಿಗೆ ಇಳಿದರೆ ಏನು ಗತಿ ಎಂಬುದನ್ನು ನಾನು ನೆನಪಿಟ್ಟುಕೊಂಡಿರಲಿಲ್ಲ. ಕೈ ತಾನಾಗಿ ಕಿತ್ತುಕೊಂಡು ಬಂತು. ನಾನು ಕೆಸರಿನಲ್ಲಿ ಕೂತೆ. ಒಳಗೆ ದಡ್ಡನೆ ಮೇನ್ ಬಿತ್ತು.

ಗಿರಿಜಾ ಹೊಸ್ತಿಲಿಗೆ ಬಂದಳು. ಮೊದಲು ನನ್ನನ್ನು ನೋಡಿ ಹೌಹಾರಿದಳು. ನಾನು ಕಣ್ಣು ಪಿಳುಕಿಸಿದ್ದು ಕಂಡ ಮೇಲೆ ಸಾವಕಾಶವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಏನ್ರಿ, ನಾ ಮೇನ್ ಹಾಕಿದ್ರ ಹೊರಗ ಒದರಾಕತ್ತಾರ. ತಗದ್ರ ಸುಮ್ನಾಗ್ತಾರ. ಮೂರ್ ಸರ್ತಿ ನೋಡ್ದೆ."

ಎಲ್ಲರ ಕಣ್ಣು ನಮ್ಮ ಬಾಗಿಲಿನಿಂದ ಪೈಪಿಗೆ, ಪೈಪಿನ ತಾಮ್ರದ ತಂತಿಗೆ, ತಂತಿಯಿಂದ ಕೆಸರಿನಲ್ಲಿ ಕೂತ ನನಗೆ ಬಂದು ನಿಂತವು.

"ಶರಣಪ್ಪಾರ," ಎಂದೆ ಕ್ಷೀಣವಾಗಿ, "ಪೈಪು ನೆಲದಾಗ ಹೋಗೇತಿ ಅಂದಿದ್ರಲ್ರಿ?"

"ಹೋಗೇತಲ್ರಿ. ರಸ್ತಾ ಅಗದಾಗ ನೆಲದಾಗಿಂದೆಲ್ಲಾ ಪ್ಲಾಸ್ಟಿಕ್ ಹಾಕ್ಯಾರ. ಗ್ವಾಡಿ ಮ್ಯಾಲಿಂದಷ್ಟ ಕಬ್ಬಿಣ ಉಳದೈತಿ."

"ಇದನ್ನ ಮೊದ್ಲ ಹೇಳಬಾರದ?"

"ನೀವು ಕೇಳಲಿಲ್ಲಲ್ರಿ ಸರ."

ಅಂದರೆ ಭೂಮಿಗೆ ಇಳಿಯಬೇಕಾದ ಕರೆಂಟನ್ನು ನಾನು ಮೂರು ಮನೆಗಳ ನಳಕ್ಕೆ ಸಮಾನವಾಗಿ ಹಂಚಿದ್ದೆ. ಆಗ ನಿಜವಾಗಿ ಅಂಜಿಕೆ ಬಂತು. ಸೋರಿಕೆ ಇನ್ನೂ ಸ್ವಲ್ಪ ಜಾಸ್ತಿ ಇದ್ದಿದ್ದರೆ? ಎದ್ದು ನೀಲಮ್ಮನವರ ಹತ್ತಿರ ಹೋದೆ.

"ಎದಿಗೇನೂ ಆಗಿಲ್ಲಲ್ರಿ, ಅಮ್ಮಾರ?"

"ಎದಿ ಛಲೋ ಐತ್ರಿ. ಕೊಡ ನೆಗ್ಗೈತಿ," ಎಂದರು.

ಮರುಕ್ಷಣ ಒಳಗೆ ಓಡಿ ಪ್ಲಗ್ ಕಿತ್ತೆ, ತಂತಿ ಬಿಚ್ಚಿದೆ. "ಈಗ ತುಂಬ್ರಿ, ಏನೂ ಆಗೂದಿಲ್ಲ," ಎಂದು ಕೂಗಿದೆ. ಯಾರೂ ಮುಂದೆ ಬರಲಿಲ್ಲ. ಕಡೆಗೆ ನಾನೇ ಮೂರೂ ನಳಗಳನ್ನು ಒಂದೊಂದಾಗಿ ಹಿಡಿದು ನಿಂತು ತೋರಿಸಿದೆ. ಆಗ ಕೊಡಗಳು ಮುಂದೆ ಬಂದವು. ಆಗಲೇ ನೀರು ನಿಂತಿತು.

"ಸರ, ಇನ್ಮ್ಯಾಲೆ ನಳ ಬಂದ ದಿನಾ ಮೊದ್ಲ ನೀವು ಬಂದು ಮುಟ್ಟಬೇಕ್ರಿ," ಎಂದು ಶರಣಪ್ಪ ತೀರ್ಪು ಕೊಟ್ಟರು. "ಆಮ್ಯಾಲೆ ನಾವು." ಯಾರೂ ಅಪೀಲು ಮಾಡಲಿಲ್ಲ.

ಗಿರಿಜಾ ಖಾಲಿ ಹಂಡೆಯ ಮುಂದೆ ನಿಂತಿದ್ದಳು.

"ಜೀವ ಉಳದೈತಿ ಬಿಡ್ರಿ," ಎಂದಳು. "ಈಗ ಅದಕ್ಕ ಕುಡ್ಯಾಕ ಏನ್ ಕೊಡ್ಲಿ?"

ಸೋಮವಾರ ಬೆಳಿಗ್ಗೆ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಕಾಲೇಜಿಗೆ ಹೋದೆ. ಟ್ರಾನ್ಸ್‌ಫಾರ್ಮರಿನಿಂದ ಡಬ್ಬಿಯ ಮೈಗೆ ಕರೆಂಟು ಸೋರುತ್ತಿದೆ, ಬಲ್ಲವರು ಬಿಚ್ಚಿ ಸರಿಮಾಡುವ ತನಕ ಯಾರೂ ಮುಟ್ಟಬಾರದು ಎಂದು ಪ್ರಿನ್ಸಿಪಾಲರಿಗೆ ಹೇಳಿದೆ. "ಇದನ್ನ ಕಂಡುಹಿಡ್ಯಾಕ ಇಡೀ ರವಿವಾರ ಹಿಡೀತೇನ್ರಿ?" ಎಂದರು. ಹೌದೆಂದೆ. ಬಾಗಿಲಲ್ಲಿ ಸಾವಿತ್ರಿ ಕಾಯುತ್ತಿದ್ದಳು.

"ಸರ್, ಜುಮ್ ಅನ್ನೋದು ಹೋತೇನ್ರಿ?"

"ಇಲ್ಲವಾ," ಎಂದೆ. "ನಾ ಅದನ್ನ ದೊಡ್ಡದು ಮಾಡಿ ತಂದೀನಿ."

ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಕೊಪ್ಪಳದ ಪರೀಕ್ಷಕರು ಆಂಪ್ಲಿಫೈಯರ್ ಪ್ರಯೋಗವನ್ನು ಕೈಬಿಟ್ಟು, ಅದರ ಬದಲು ಲೋಲಕದ ಪ್ರಯೋಗ ಕೊಟ್ಟರು. ಲೋಲಕಕ್ಕೆ ಪ್ಲಗ್ ಇರುವುದಿಲ್ಲ.