ಬಾಗಿಲು ಕಂಡರೆ ಬಿಡದ ನಮ್ಮ ಭಾವ

ನಮ್ಮ ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಗುಡಿಗೆ ಹೋದರೆ ಮೊದಲು ನೋಡುತ್ತಿದ್ದುದು ದೇವರನ್ನಲ್ಲ, ಬಾಗಿಲನ್ನು! ತಳ್ಳಿ ನೋಡುವರು, ಎಳೆದು ನೋಡುವರು, ಬಗ್ಗಿ ಹೊಸ್ತಿಲ ಸಂದಿಯಲ್ಲಿ ಬೆರಳು ಹಾಕುವರು. ಹಿಂದೆ ನಿಂತವರು ಇದೇನೋ ದೊಡ್ಡ ಹರಕೆ ಇರಬೇಕೆಂದು ದಾರಿ ಬಿಡುತ್ತಿದ್ದರು. ಹರಕೆಯೂ ಇಲ್ಲ, ಮಣ್ಣೂ ಇಲ್ಲ. ಕೆಲವರಿಗೆ ತಂಬಾಕಿನ ಚಟ, ಕೆಲವರಿಗೆ ಇಸ್ಪೀಟಿನ ಚಟ, ಇವರಿಗೆ ಬಾಗಿಲಿನ ಚಟ!

ಒಮ್ಮೆ ನಮ್ಮ ಸಂಬಂಧದ ಹುಡುಗನಿಗೆ ಹೆಣ್ಣು ನೋಡಲು ಲಕ್ಷ್ಮೇಶ್ವರಕ್ಕೆ ಹೋಗಿದ್ದೆವು. ಹುಡುಗಿ ಅವಲಕ್ಕಿ ತಾಟು ಹಿಡಿದು ಬಂದಳು. ಎಲ್ಲರ ಕಣ್ಣು ಹುಡುಗಿಯ ಮೇಲೆ, ಇವರ ಕಣ್ಣು ಅವಳ ಹಿಂದಿನ ಬಾಗಿಲ ಮೇಲೆ. ಹುಡುಗಿಯ ತಂದೆ ಮೆಲ್ಲಗೆ ಕೇಳಿದರು:

"ಹಿರ್ಯಾರ, ಹುಡುಗಿ ಮನಸ್ಸಿಗೆ ಬಂದ್ಲೇನ್ರಿ?"

"ಹುಡುಗಿಗೇನ್ರಿ, ಬಂಗಾರದಂಥಾಕಿ. ಆದ್ರ ಈ ಬಾಗಲಾ ಯಾವಾಗಿಂದ ಹಿಂಗ ಬಿಗಿ ಹಿಡದೈತ್ರಿ? ಒಂದೀಟು ಎಣ್ಣಿ ತರಸ್ರಿ."

ಹುಡುಗಿಯ ತಾಯಿ ಅದು ನಮ್ಮ ಕಡೆಯ ಪದ್ಧತಿ ಎಂದು ತಿಳಿದಳು. ಬೆಳ್ಳಿ ಬಟ್ಟಲಿನಲ್ಲಿ ಎಣ್ಣೆ ಹಾಕಿ, ಬಟ್ಟಲಿಗೆ ಕುಂಕುಮ ಹಚ್ಚಿ, ಸೆರಗು ಹೊದ್ದು ತಂದುಕೊಟ್ಟಳು! ನಾನು ಅವಲಕ್ಕಿ ನುಂಗಲಾರದೆ ಕೆಮ್ಮಿದೆ.

ನಗುವುದು ನಕ್ಕಿರಿ. ಈಗ ಈ ಚಟ ಹತ್ತಿದ್ದು ಎಲ್ಲಿ ಎಂದು ಹೇಳುತ್ತೇನೆ, ಅಲ್ಲಿ ಅಷ್ಟು ನಗು ಇಲ್ಲ.

ಬೆಟಗೇರಿಯಲ್ಲಿ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಭಾವ ಮುಕಾದಮ. ಕೆಲಸದವರ ಮೇಲೆ ಕಣ್ಣಿಡುವುದೇ ಅವರ ಕೆಲಸ. ನನ್ನ ಗಂಡನಿಗೆ ಅಲ್ಲೇ ಮಷೀನಿನ ಮೇಲೆ ಕೆಲಸ. ನಾನು ಉಳಿದ ಹೆಂಗಸರ ಜೊತೆ ಗೋದಾಮಿನಲ್ಲಿ ಕುಳಿತು ಹತ್ತಿಯಲ್ಲಿನ ಎಲೆ, ಕಸ ಆರಿಸುತ್ತಿದ್ದೆ. ಮಷೀನಿನ ಮನೆಗೂ ಗೋದಾಮಿಗೂ ನಡುವೆ ಒಂದು ಕಬ್ಬಿಣದ ಬಾಗಿಲು. ಇಳಿಜಾರಾದ ಹಳಿಯ ಮೇಲೆ ಗಾಲಿಯಿಂದ ತೂಗುತ್ತದೆ, ಒಂದು ಸರಪಳಿ ಅದನ್ನು ಹಿಡಿದಿರುತ್ತದೆ. ಸರಪಳಿಯ ನಡುವೆ ಬೆಂಕಿಯ ಕಾವಿಗೆ ಕರಗುವ ಒಂದು ಕೊಂಡಿ. ಕೊಂಡಿ ಕರಗಿದರೆ, ಇಲ್ಲವೆ ಯಾರಾದರೂ ಸರಪಳಿ ಬಿಚ್ಚಿದರೆ, ಬಾಗಿಲು ತಾನೇ ಉರುಳಿ ಮುಚ್ಚಿಕೊಳ್ಳಬೇಕು. ಹತ್ತಿಯ ಜೊತೆ ಒಂದು ಮೊಳೆಯೋ ಹರಳೋ ಮಷೀನಿಗೆ ಹೋದರೆ ಕಿಡಿ ಹಾರುತ್ತದೆ. ಹತ್ತಿಗೆ ಬಿದ್ದ ಕಿಡಿ ನಿಮ್ಮ ಅಪ್ಪಣೆ ಕೇಳಿ ಓಡುತ್ತದೆಯೇ?

ಮುಚ್ಚಿಕೊಳ್ಳಬೇಕು ಅಂದೆನಲ್ಲ, ಅಲ್ಲೇ ಇತ್ತು ತಕರಾರು. ಬಾಗಿಲ ದಾರಿಯಲ್ಲಿ ಒಂದು ಕಲ್ಲು. ಯಾವ ಕಾಲಕ್ಕೋ ಯಾವನೋ ಬಾಗಿಲು ಅಲುಗಾಡದಿರಲಿ ಎಂದು ಅಡ್ಡ ಇಟ್ಟದ್ದು. ನವರಾತ್ರಿಯ ಖಂಡೇಪೂಜೆ ಬಂದಾಗ ಮಷೀನಿಗೆ, ತಕ್ಕಡಿಗೆ, ಬಾಗಿಲಿಗೆ ಕುಂಕುಮ ಹಚ್ಚುವಾಗ ಇದು ಪಾಪ ಬರಿದೇ ಕೂತಿದೆಯೆಂದು ಇದಕ್ಕೂ ಹಚ್ಚಿದರು. ಮರುವರ್ಷ ವಿಭೂತಿ. ಅದರ ಮರುವರ್ಷ ಕಾಯಿ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅದು ಬಾಗಿಲಪ್ಪ ಆಗಿತ್ತು! ಹೊಸದಾಗಿ ಮದುವೆಯಾದವರು ಬಂದು ಕೈ ಮುಗಿದು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಭಾವ ಬಂದವರೇ ಅಂದರು, "ಈ ಕಲ್ಲು ತಗೀಬೇಕು."

ಹೆಂಗಸರೆಲ್ಲ ಎದ್ದು ನಿಂತೆವು. ನಮ್ಮಲ್ಲೇ ಹಿರಿಯಳಾದ ಬಾಳೆಹೊಸೂರಿನ ಆಯಿ ಸೊಂಟಕ್ಕೆ ಕೈ ಇಟ್ಟಳು.

"ಮುಕಾದಮಾ, ದೇವರನ್ನ ಮುಟ್ಟಿದ್ರ ನಿನ್ನ ಕೈ ಬೀಳ್ತಾವ ನೋಡು."

"ಆಯೀ, ಬೆಂಕಿ ಬಿದ್ರ ಈ ಬಾಗಲಾ ಮುಚ್ಚಂಗಿಲ್ಲ. ನಾವೆಲ್ಲಾ ಬೂದಿ ಆಗ್ತೇವಿ. ಆಮ್ಯಾಲ ಅವಗ ಕಾಯಿ ಒಡಿಯಾವ್ರು ಯಾರು?"

ಆಯಿ ಯೋಚಿಸಿದಳು. "ಹಂಗಾರ ಶಾಸ್ತ್ರಕ್ಕ ಕರ್ಪೂರ ಹಚ್ಚಿ ಎತ್ತು."

"ಹತ್ತಿ ಗೋದಾಮಿನ್ಯಾಗ ಕರ್ಪೂರಾ?" ಭಾವ ಕಿರುಚಿದ್ದು ಬೀದಿಗೆ ಕೇಳಿತು. ಕಡೆಗೆ ತಲೆಗೆ ಟವೆಲು ಸುತ್ತಿ, ಬಾಗಿಲಪ್ಪನನ್ನು ಹೊತ್ತು ಅಂಗಳದ ಬೇವಿನ ಬುಡಕ್ಕೆ ಒಯ್ದರು. ಅಲ್ಲಿ ಕರ್ಪೂರ ಬೆಳಗಿದ್ದಾಯಿತು. ಕೈ ಬೀಳಲಿಲ್ಲ, ಸೊಂಟ ಮಾತ್ರ ಹಿಡಿಯಿತು.

ಆಮೇಲೆ ಸರಪಳಿ ಬಿಚ್ಚಿದರು. ನಾವು ಉಸಿರು ಹಿಡಿದು ನೋಡಿದೆವು. ಬಾಗಿಲು ಗಡಗಡ ಹೊರಟಿತು, ಅರ್ಧ ದಾರಿಗೆ ಬಂದು ಎಮ್ಮೆಯಂತೆ ನಿಂತುಬಿಟ್ಟಿತು! ಭಾವ ಏಣಿ ಹತ್ತಿದರು. ಪ್ರತಿ ಪೂಜೆಗೆ ಬಳಿದ ಬಣ್ಣ ಪದರ ಪದರವಾಗಿ ಗಾಲಿ ಹಿಡಿದಿತ್ತು. ಹಳಿ ಬಾಗಿತ್ತು. ಕರಗುವ ಕೊಂಡಿ ಇರಬೇಕಾದಲ್ಲಿ ಹತ್ತಿಯ ಮೂಟೆಗೆ ಕಟ್ಟುವ ದಪ್ಪ ತಂತಿ!

"ಕಲ್ಲು, ಕಸ, ಬಣ್ಣ ನಾವ ತಗೀಬಹುದು," ಎಂದು ಇಳಿದರು. "ಹಳಿ ಬಾಗಿದ್ದು ನಮ್ಮ ಕೈಯಾಗಿಂದಲ್ಲ. ಹುಬ್ಬಳ್ಳಿಯಿಂದ ಮಿಸ್ತ್ರೀನ್ನ ಕರಸಿ ಪೂರ್ತಿ ತಪಾಸ ಮಾಡಸಬೇಕು. ಇವತ್ತ."

ಮಾಲೀಕರು ಕೆಟ್ಟವರಲ್ಲ. ಆದರೆ ಹತ್ತಿಯ ಹಂಗಾಮು ಜೋರು. ಮುಳಗುಂದದ ಕಡೆಯ ಚಕ್ಕಡಿಗಳು ಹತ್ತಿ ತುಂಬಿಕೊಂಡು ರಸ್ತೆಯವರೆಗೆ ಸಾಲು ನಿಂತಿದ್ದವು.

"ಹಂಗಾಮು ಮುಗೀಲಿ ತಡೀಪಾ. ಈಗ ಮಷೀನ್ ನಿಲ್ಲಸಾಕ ಬರಂಗಿಲ್ಲ."

"ಬೆಂಕಿನೂ ಹಂಗಾಮು ಮುಗಿದ ಮ್ಯಾಲೇ ಬರ್ತೈತೇನ್ರಿ ಸಾಹುಕಾರ್ರ?"

"ಬಾಯಿ ಬಿಟ್ಟು ಅಪಶಕುನ ನುಡೀಬ್ಯಾಡ!"

ಭಾವ ಮಾಲೀಕರ ಖುರ್ಚಿಯನ್ನು ಎತ್ತಿ ತಂದು ಗೋದಾಮಿನ ನಡುವೆ, ನಮ್ಮ ಪಕ್ಕ ಇಟ್ಟರು. "ಇವತ್ತ ಇಲ್ಲೇ ಕುಂತು ವ್ಯಾಪಾರ ಮಾಡ್ರಿ" ಎಂದರು. ಮಾಲೀಕರೂ ಹಟಕ್ಕೆ ಬಿದ್ದು ಕುಳಿತರು. ಮಾಡಿನವರೆಗೆ ಹತ್ತಿ. ಆಚೆ ಮಷೀನಿನ ಸದ್ದು. ನಡುವೆ ಬಾಯಿ ತೆರೆದ ಬಾಗಿಲು. ಮಷೀನಿಗೆ ಏನಾದರೂ ಸಿಕ್ಕು 'ಟಣ್' ಎಂದಾಗಲೆಲ್ಲ ಮಾಲೀಕರು ಖುರ್ಚಿಯಲ್ಲಿ ಕುಪ್ಪಳಿಸುತ್ತಿದ್ದರು. ಚಹಾ ಬಂತು, ಅವರು ಕುಡಿಯಲಿಲ್ಲ. ಎದ್ದು ಅಂದರು, "ಮಿಸ್ತ್ರೀನ್ನ ಕರಸು. ಅಲ್ಲೀತನಕ ಮಷೀನ್ ಬಂದ್!"

ಮಿಸ್ತ್ರಿ ಬಂದ, ಹಳಿ ನೆಟ್ಟಗೆ ಮಾಡಿದ, ಗಾಲಿ ಹೊಸದು ಹಾಕಿದ, ಹೊಸ ಕೊಂಡಿ ಜೋಡಿಸಿದ. ಕೆಲಸ ನಿಂತದ್ದಕ್ಕೆ ಚಕ್ಕಡಿಯವರು ಭಾವನ ವಂಶವನ್ನೆಲ್ಲ ಬೈದರು. ನಾವು ಅದೇ ವಂಶದವರಾದ್ದರಿಂದ ನಮಗೂ ಪಾಲು ಬಂತು.

ಆ ಹಂಗಾಮು ಇನ್ನೂ ನಡೆದಿತ್ತು. ಒಂದು ಮಧ್ಯಾಹ್ನ ಮಷೀನಿನ ಮನೆಯಲ್ಲಿ ಯಾರೋ ಕೂಗಿದರು, "ಬೆಂಕೀ!"

ನಾನು ತಲೆ ಎತ್ತುವುದರೊಳಗೆ ಬಾಗಿಲಿನಿಂದ ಕರಿಹೊಗೆ ನುಗ್ಗಿತು. ಭಾವ ಆಗ ಗೋದಾಮಿನಲ್ಲೇ ಇದ್ದರು. ಕೊಂಡಿ ಕರಗುವವರೆಗೂ ಕಾಯಲಿಲ್ಲ, ಓಡಿಹೋಗಿ ಸರಪಳಿ ಬಿಚ್ಚಿದರು. ಬಾಗಿಲು ಎಲ್ಲೂ ನಿಲ್ಲದೆ ಉರುಳಿ ಬಂದು ಧಡ್ಡನೆ ಮುಚ್ಚಿತು. ನನ್ನ ಗಂಡ ಆಚೆ, ನಾನು ಈಚೆ.

"ತಗೀರಿ! ನಿಮ್ಮ ತಮ್ಮ ಒಳಗದಾರ!" ಎಂದು ಕಿರುಚಿದೆ.

ಭಾವ ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತರು. "ಅತ್ತಾಗ ಅಂಗಳಕ್ಕ ಬಾಗಲಾ ಐತಿ. ಅಲ್ಲಿಂದ ಬರ್ತಾನ. ನೀವು ಇತ್ತಾಗಿಂದ ಹೊರಗ ನಡೀರಿ."

"ಬರದಿದ್ರ? ಬಾಗಲಾ ತಗೀರಿ ಅಂದ್ರ!"

"ತಗದ್ರ ಇಷ್ಟೂ ಮಂದಿ ಸುಟ್ಟು ಹೋಗ್ತೀರಿ. ನಡಿಯವ್ವಾ!"

ಅವರ ಅಂಗಿ ಹಿಡಿದು ಎಳೆದೆ, ತೋಳು ಹರಿದು ಕೈಗೆ ಬಂತು. ನಿಮ್ಮ ಹೊಟ್ಟೆಯಲ್ಲಿ ಕರುಳಿದೆಯೋ ಕಬ್ಬಿಣವಿದೆಯೋ ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಇವತ್ತಿಗೂ ಅದಕ್ಕೆ ಮರುಗುವುದಿಲ್ಲ. ನನ್ನ ಜಾಗದಲ್ಲಿ ನೀವಿದ್ದರೆ ಮಂಗಳಾರತಿ ಎತ್ತುತ್ತಿದ್ದಿರೇನು? ಅವರು ಬಾಗಿಲು ಬಿಟ್ಟು ಕದಲಲಿಲ್ಲ. ಹಿಂದೆ ಕಬ್ಬಿಣ ಕಾದು ಚಟಚಟ ಎನ್ನುತ್ತಿತ್ತು. ಹೆಂಗಸರು ನನ್ನನ್ನು ಎಳೆದುಕೊಂಡು ಹೊರಗೆ ಬಂದರು.

ಅಂಗಳ ಸುತ್ತಿ ಆಚೆ ಬದಿಗೆ ಬೋರ್ಯಾಡಿ ಅಳುತ್ತ ಓಡಿದೆ. ಅಲ್ಲಿ ನನ್ನ ಗಂಡ ಮೈಯೆಲ್ಲ ಮಸಿಯಾಗಿ, ಹುಬ್ಬು ಸುಟ್ಟುಕೊಂಡು, ನೀರಿನ ಕೊಡ ಹೊತ್ತು ಓಡುತ್ತಿದ್ದಾರೆ!

"ಯಾಕಲೇ, ಸತ್ತವರ ಮನಿಯಂಗ ಬೋರ್ಯಾಡಾಕತ್ತಿ? ಒಂದು ಕೊಡಾ ಹಿಡಿ!"

ಹಿಡಿದೆ. ಮತ್ತೇನು ಮಾಡಲಿ?

ಮಷೀನಿನ ಮನೆಯ ಮಾಡು ಸುಟ್ಟು ಕರಕಾಯಿತು. ಗೋದಾಮಿಗೆ ಒಂದು ಕಿಡಿ ದಾಟಲಿಲ್ಲ. ಭಾವ ಎಲ್ಲರಿಗಿಂತ ಕಡೆಗೆ ಹೊರಬಂದರು. ಕೊಡ ಹಿಡಿದು ನಿಂತಿದ್ದ ತಮ್ಮನನ್ನು ಕಂಡು, "ಬಂದೀ?" ಎಂದರು. "ಬಂದೆ." ಅಷ್ಟೇ ಮಾತು. ಆಮೇಲೆ ನನ್ನ ಕಡೆ ತಿರುಗಿದರು. ಮಾಲೀಕರ ಎದುರು ಗುಡುಗಿದ ಮನುಷ್ಯ, ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಹುಡುಗನಂತೆ ಸಣ್ಣ ದನಿಯಲ್ಲಿ ಅಂದರು:

"ನಾ ಬಾಗಲಾ ಹಾಕಿದ್ದು ಅವ್ವಗ ಹೇಳಬ್ಯಾಡವಾ."

ನಾನು ಹೇಳಲಿಲ್ಲ. ಸಂಜೆ ಅಣ್ಣ ತಮ್ಮ ಊಟಕ್ಕೆ ಕುಳಿತರು. ಭಾವ ತುತ್ತು ಮುರಿದು ಹಿಡಿದುಕೊಂಡೇ ಕುಳಿತಿದ್ದರು, ಬಾಯಿಗೆ ಒಯ್ಯಲಿಲ್ಲ. ನನ್ನ ಗಂಡ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದಿ ತಿನ್ನುವುದನ್ನೇ ಭಾವ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಗೋಡೆಗೆ ಒರಗಿದ್ದ ನಮ್ಮ ಅತ್ತೆಗೆ ವಿಚಿತ್ರ ಅನಿಸಿತು.

"ಯಾಕೋ, ತಮ್ಮನ್ನ ಇವತ್ತ ಹೊಸದಾಗಿ ನೋಡಾಕತ್ತಿ ಏನು?"

"ಹೂಂ ಯವ್ವಾ" ಎಂದರು ಭಾವ.

ನಾನು ಅವರ ತಾಟಿಗೆ ಬಿಸಿ ರೊಟ್ಟಿ ಹಾಕಿದೆ.